ದೊರೆಗಳ ರಾಜ್ಯದಲ್ಲಿ ಕಾಮಾಕ್ಕೆ ಜಾಗವಿಲ್ಲ

ಇಂಗ್ಲಿಷಿನ ಹೌಎವರ್ ಎಂಬ ಪದದ ಪಕ್ಕದಲ್ಲಿ ಕಾಮಾ ಹಾಕಬೇಕು ಎಂದು ಯಾರಾದರೂ ಹೇಳಿದರೆ ನೀರು ಸರಬರಾಜು ಕಚೇರಿಯ ಹೆಡ್ ಕ್ಲರ್ಕ್ ಸಾಹೇಬರಿಗೆ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತೇಳು ವರ್ಷಗಳಿಂದ ಅವರು ಆ ಪದವನ್ನು ದಿನಕ್ಕೆ ಕಡಿಮೆಯೆಂದರೆ ನಾಲ್ಕು ಸಲ ಬರೆದಿದ್ದರು. ಒಂದು ಸಲವೂ ಅದರ ಮುಂದೆ ಕಾಮಾ ಇಟ್ಟವರಲ್ಲ. ಅದರಿಂದ ಊರಿನ ಯಾವ ಪೈಪೂ ಒಡೆದಿರಲಿಲ್ಲ. (ಒಡೆದ ಪೈಪುಗಳು ಬೇರೆ ಕಾರಣಕ್ಕೆ ಒಡೆದಿದ್ದವು. ಆ ಕಾರಣಗಳನ್ನು ವಿವರಿಸುವ ಪತ್ರಗಳನ್ನೂ ಅವರೇ ಬರೆದಿದ್ದರು, ಅದೂ ಕಾಮಾ ಇಲ್ಲದೆ.)

ಕಚೇರಿಯಲ್ಲಿ ಅವರಿಗೆ ಡ್ರಾಫ್ಟ್ ದೊರೆ ಎಂದು ಹೆಸರು. ಮೊದಲು ಅದನ್ನು ಯಾರೋ ತಮಾಷೆಗೆ ಇಟ್ಟಿದ್ದು. ದೊರೆಗಳು ಅದನ್ನು ಬಿರುದು ಎಂದು ಭಾವಿಸಿ ಸ್ವೀಕರಿಸಿಬಿಟ್ಟಿದ್ದರಿಂದ ತಮಾಷೆ ಮಾಡಿದವರೇ ಸುಮ್ಮನಾಗಬೇಕಾಯಿತು. ಅವರ ಪತ್ರಗಳ ವೈಖರಿಯೇ ಬೇರೆ. ‘ತಮ್ಮ ಅರ್ಜಿಯು ತಲುಪಿದೆ ಮತ್ತು ಅದನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿದೆ ಹೌಎವರ್ ಅದರ ಮೇಲೆ ಯಾವ ಕ್ರಮವೂ ಸಾಧ್ಯವಿಲ್ಲ’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಅವರು ಉಸಿರು ಬಿಡದೆ ಬರೆಯುತ್ತಿದ್ದರು. ಎಲ್ಲಿ ಆಸೆ ಮುಗಿಯಿತು, ಎಲ್ಲಿ ನಿರಾಸೆ ಶುರುವಾಯಿತು ಎಂದು ಅರ್ಜಿದಾರನಿಗೆ ತಿಳಿಯುವಷ್ಟರಲ್ಲಿ ಪತ್ರವೇ ಮುಗಿದಿರುತ್ತಿತ್ತು.

“ಕಾಮಾ ಅಂದ್ರೆ ಅನುಮಾನ ಕಣಪ್ಪಾ” ಎಂದು ಅವರು ಹೊಸದಾಗಿ ಸೇರಿದವರಿಗೆ ಉಪದೇಶಿಸುತ್ತಿದ್ದರು. “ಬರೆಯೋನಿಗೆ ತನ್ನ ಮಾತಿನ ಮೇಲೆ ನಂಬಿಕೆ ಇಲ್ಲದಿದ್ರೆ ಅಲ್ಲಲ್ಲಿ ನಿಂತು ಹಿಂದೆ ತಿರುಗಿ ನೋಡ್ತಾನೆ. ಹಾಗೆ ನಿಂತು ನೋಡಿದ ಕಡೆಯಲ್ಲೆಲ್ಲ ಒಂದು ಕಾಮಾ. ನನಗೆ ಆ ಹೆದರಿಕೆ ಇಲ್ಲ.”

ಇಷ್ಟರವರೆಗೂ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ದೊರೆಗಳ ಹೆಂಡತಿ ಪ್ರಬಂಧ ಬರೆಯಲು ಕೂತಾಗ.

ಆಕೆ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವರು. ಬೀದಿಗೆಲ್ಲ ಟೀಚರಮ್ಮ. ನಲವತ್ತಾರನೇ ವಯಸ್ಸಿನಲ್ಲಿ ಅವರಿಗೆ ಡಾಕ್ಟರೇಟ್ ಮಾಡಬೇಕೆನಿಸಿತು. ವಿಷಯಕ್ಕಾಗಿ ಅವರು ಕಾಡುಮೇಡು ಅಲೆಯಲಿಲ್ಲ. ಅಡುಗೆಮನೆಯ ಸಿಂಕಿನ ಹಿಂದಿನ ಬಿರುಕಿನಿಂದ ಸಾಲಾಗಿ ಹೊರಟು ಸಕ್ಕರೆ ಡಬ್ಬಿಯವರೆಗೆ ಹೋಗಿ ಬರುತ್ತಿದ್ದ ಇರುವೆಗಳನ್ನೇ ಹಿಡಿದರು. ಮನೆಯೊಳಗಿನ ಇರುವೆಗಳು ಯಾವ ಮಣ್ಣಿನಲ್ಲಿ ಗೂಡು ಕಟ್ಟುತ್ತವೆ, ಯಾವ ಕಾಲದಲ್ಲಿ ಎಷ್ಟು ದೂರ ನಡೆಯುತ್ತವೆ, ಏನನ್ನು ಹೊತ್ತು ತರುತ್ತವೆ ಎಂಬುದೇ ಪ್ರಬಂಧ. ಅಂದಿನಿಂದ ಆ ಮನೆಯಲ್ಲಿ ಇರುವೆ ಓಡಿಸುವುದು ನಿಷಿದ್ಧವಾಯಿತು. ಕಿಟಕಿಯ ಕಟ್ಟೆಯ ಮೇಲೆ ಸಕ್ಕರೆ ನೀರಿನ ಬಟ್ಟಲು, ಬ್ರೆಡ್ಡಿನ ಚೂರು, ಸತ್ತ ಚಿಟ್ಟೆಯ ರೆಕ್ಕೆ ಇವೆಲ್ಲ ಚೀಟಿ ಅಂಟಿಸಿಕೊಂಡು ಕೂತವು. ದೊರೆಗಳ ಕಾಫಿಗೆ ಸಕ್ಕರೆ ಕಡಿಮೆಯಾದರೆ, “ಇವತ್ತು ಪ್ರಯೋಗಕ್ಕೆ ಬೇಕಿತ್ತು ರೀ” ಎಂಬ ಉತ್ತರ ಬರುತ್ತಿತ್ತು.

ಮನೆಯಲ್ಲಿ ಇನ್ನೊಬ್ಬರಿದ್ದರು, ದೊರೆಗಳ ತಾಯಿ. ದೊರೆಯ ತಾಯಿ ಅಂದಮೇಲೆ ರಾಜಮಾತೆ ಎನ್ನದೆ ವಿಧಿಯಿಲ್ಲ. ಎಂಬತ್ತು ದಾಟಿದ ರಾಜಮಾತೆಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ಆದರೆ ಇರುವೆಗಳ ಹಾಜರಿ ತೆಗೆದುಕೊಳ್ಳುವುದರಲ್ಲಿ ಸೊಸೆಗೆ ಬಲಗೈ ಅವರೇ. “ಬೆಳಿಗ್ಗೆ ಹನ್ನೊಂದು ಗಂಟೆಗೆ ಇನ್ನೂರ ಮೂವತ್ತು ಹೋದ್ವು ಕಣಮ್ಮಾ. ವಾಪಸ್ ಬಂದದ್ದು ಇನ್ನೂರ ಇಪ್ಪತ್ತೆಂಟು. ಎರಡು ಎಲ್ಲೋ ಹರಟೆಗೆ ನಿಂತಿರಬೇಕು” ಎಂದು ಅವರು ಸ್ಲೇಟಿನ ಮೇಲೆ ಬರೆದಿಡುತ್ತಿದ್ದರು.

ಹೀಗೆ ಆರು ವರ್ಷ ಕಳೆಯಿತು. ವಿಶ್ವವಿದ್ಯಾಲಯ ಎರಡು ಸಲ ಗಡುವು ವಿಸ್ತರಿಸಿತು. ಮೂರನೆಯ ಸಲ ಇಲ್ಲ, ಈ ತಿಂಗಳ ಮೂವತ್ತಕ್ಕೆ ಪ್ರಬಂಧ ಕೈಸೇರದಿದ್ದರೆ ನೋಂದಣಿಯೇ ರದ್ದು ಎಂದು ಕಾಗದ ಬಂತು. ಟೀಚರಮ್ಮ ಶಾಲೆಯ ಉತ್ತರಪತ್ರಿಕೆಗಳ ನಡುವೆ, ಊಟದ ಮೇಜಿನ ಮೇಲೆ, ಬಸ್ಸಿನ ಸೀಟಿನ ಮೇಲೆ ಕೂತು ಬರೆದು ಮುಗಿಸಿದರು. ಮಾರ್ಗದರ್ಶಕರಾದ ಗೈಡ್ ಮೇಡಂಗೆ ಸಹಿಗಾಗಿ ಕಳಿಸುವುದೊಂದು ಬಾಕಿ.

ಆಗ ದೊರೆಗಳು ಕನ್ನಡಕ ಒರೆಸಿಕೊಂಡು ಮುಂದೆ ಬಂದರು.

“ಮನೆಯಲ್ಲೇ ಇಂಗ್ಲಿಷ್ ಕರಡು ತಿದ್ದೋ ಗಂಡ ಇರುವಾಗ ಹಾಗೇ ಕಳಿಸ್ತೀಯಾ? ನಾಳೆ ನಾಲ್ಕು ಜನ ಏನಂತಾರೆ? ಒಂದು ವಾರ ಕೊಡು.”

ಟೀಚರಮ್ಮ ಹಿಂದುಮುಂದು ನೋಡಿದರು. ಆದರೆ ಆ ವಾರ ಶಾಲೆಯಲ್ಲಿ ಪರೀಕ್ಷೆಗಳು ಶುರು. ತಾನು ಬರೆದದ್ದನ್ನು ತಾನೇ ಹತ್ತನೇ ಸಲ ಓದುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. “ಅಕ್ಷರ ತಪ್ಪು ಮಾತ್ರ ನೋಡಿ” ಎಂದು ಹೇಳಿ ಕೊಟ್ಟರು.

ದೊರೆಗಳು ಅಕ್ಷರ ತಪ್ಪು ಹುಡುಕಿದರು, ಸಿಗಲಿಲ್ಲ. ಆದರೆ ಕೈಗೆ ಬಂದ ಕರಡನ್ನು ತಿದ್ದದೆ ವಾಪಸು ಕೊಟ್ಟ ಇತಿಹಾಸ ಅವರಿಗಿರಲಿಲ್ಲ. ಅವರ ಕಣ್ಣಿಗೆ ಕಾಮಾಗಳು ಬಿದ್ದವು. ಹೌಎವರ್ ಆದಮೇಲೆ ಕಾಮಾ. ದೇರ್‌ಫೋರ್ ಆದಮೇಲೆ ಕಾಮಾ. ಫಾರ್ ಎಕ್ಸಾಂಪಲ್, ಇನ್ ಅಡಿಷನ್, ಎಲ್ಲದರ ಹಿಂದೆಯೂ ಒಂದೊಂದು ಬಾಲ. ತಮ್ಮ ಮನೆಯೊಳಗೇ, ತಮ್ಮ ಧರ್ಮಪತ್ನಿಯ ಕೈಯಿಂದಲೇ ಇಂಥ ಅಧರ್ಮ. ಏಳು ದಿನ ಹೆಂಡತಿಯ ಲ್ಯಾಪ್‌ಟಾಪಿನ ಮುಂದೆ ಕೂತು ಒಂದೊಂದನ್ನೂ ಅಳಿಸಿದರು. ಹೆಂಡತಿಗೆ ಹೇಳಲಿಲ್ಲ. ಗೈಡೇ ಹೊಗಳಿ ಬರೆದಾಗ ತಾನಾಗಿ ಗೊತ್ತಾಗಲಿ ಎಂಬ ದೊಡ್ಡ ಮನಸ್ಸು.

ಹದಿನೈದನೇ ತಾರೀಖು ಗೈಡ್ ಮೇಡಂ ಓದಿದ ಪ್ರತಿ ಮನೆಗೆ ವಾಪಸು ಬಂತು. ಪುಟ ಪುಟಕ್ಕೂ ಹಸಿರು ಶಾಯಿಯ ಸುತ್ತುಗಳು. ಕೊನೆಯಲ್ಲಿ ನಾಲ್ಕು ಸಾಲು. ಸಂಶೋಧನೆ ಚೆನ್ನಾಗಿದೆ. ಆದರೆ ವಾಕ್ಯಗಳನ್ನು ಜೋಡಿಸುವ ಪದಗಳ ಬಳಿ ಇನ್ನೂರ ಹದಿನಾಲ್ಕು ಕಡೆ ಕಾಮಾ ಇಲ್ಲ. ಕಳೆದ ವರ್ಷ ನೋಡಿದ ಕರಡಿನಲ್ಲಿ ಇದ್ದವು. ಎಲ್ಲಿ ಹೋದವು?

ಟೀಚರಮ್ಮ ಪ್ರತಿಯನ್ನು ಊಟದ ಮೇಜಿನ ಮೇಲಿಟ್ಟು ಗಂಡನ ಎದುರಿನ ಕುರ್ಚಿ ಎಳೆದುಕೊಂಡು ಕೂತರು. ಅವರು ಕೂಗಾಡುವ ಹೆಂಗಸಲ್ಲ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳನ್ನು ಆಳಿದವರಿಗೆ ಕೂಗುವ ಅಗತ್ಯ ಬೀಳುವುದಿಲ್ಲ.

“ರೀ, ನನ್ನ ಕಾಮಾ ಎಲ್ಲಿ?”

ದೊರೆಗಳು ಪತ್ರಿಕೆ ಮಡಿಸಿದರು. “ತೆಗೆದೆ.”

“ಯಾಕೆ?”

“ಬೇಡವಾಗಿತ್ತು.”

“ಯಾರಿಗೆ?”

“ವಾಕ್ಯಕ್ಕೆ. ನೋಡು, ಗಂಭೀರವಾದ ಬರಹ ಅಂದ್ರೆ ಆನೆ ನಡೆದ ಹಾಗಿರಬೇಕು. ನೀನು ಬರೆದಿದ್ದು ಕಲ್ಲು ಚುಚ್ಚಿದ ಕಾಲಲ್ಲಿ ನಡೆದ ಹಾಗಿತ್ತು. ಎರಡು ಹೆಜ್ಜೆ, ನಿಲ್ಲು. ಎರಡು ಹೆಜ್ಜೆ, ನಿಲ್ಲು.”

“ನಾನು ಬರೆದಿದ್ದು ಇರುವೆ ಬಗ್ಗೆ, ಆನೆ ಬಗ್ಗೆ ಅಲ್ಲ. ಒಂದು ಮಾತು ಮುಗಿಸಿ ಅದಕ್ಕೆ ಎದುರಾದ ಇನ್ನೊಂದು ಮಾತು ಶುರು ಮಾಡುವಾಗ ಓದೋರಿಗೆ ಹೇಳಬೇಕಲ್ವಾ, ಇಲ್ಲಿ ತಿರುವು ಇದೆ ಅಂತ? ಅದಕ್ಕೇ ಹೌಎವರ್. ಅದು ತಿರುವಿನ ಬೋರ್ಡು. ಬೋರ್ಡು ಬೇರೆ, ರಸ್ತೆ ಬೇರೆ ಅಂತ ತೋರಿಸೋದಕ್ಕೆ ಕಾಮಾ.”

“ಕನ್ನಡದಲ್ಲಿ ಆದರೆ ಅಂತೀವಿ. ಆದರೆ ಪಕ್ಕದಲ್ಲಿ ಕಾಮಾ ಹಾಕ್ತೀವಾ? ಆದ್ದರಿಂದ ಅಂತೀವಿ. ಹಾಕ್ತೀವಾ? ನಮ್ಮ ಪದಗಳು ಸ್ವಾಭಿಮಾನಿಗಳು ಕಣೇ, ಊರುಗೋಲು ಕೇಳಲ್ಲ.”

“ನಾನು ಕನ್ನಡದಲ್ಲಿ ಬರೆದಿಲ್ಲವಲ್ಲ.”

ಬಾಗಿಲ ಬಳಿ ಸ್ಲೇಟು ಹಿಡಿದು ನಿಂತಿದ್ದ ರಾಜಮಾತೆ ಕೇಳಿದರು, “ಏನೋ ಅದು ಕಾಮ ಕಾಮ ಅಂತ ಹಾಡುಹಗಲೇ ಜಗಳ ಆಡ್ತಿದ್ದೀರಿ? ಈ ವಯಸ್ಸಿನಲ್ಲಿ?”

“ಆ ಕಾಮ ಅಲ್ಲ ಅತ್ತೆ, ಕಾಮಾ. ಬಾಲ ಇರೋ ಚುಕ್ಕೆ. ನಾನು ಹಾಕಿದ್ದನ್ನ ನಿಮ್ಮ ಮಗ ಕಿತ್ತುಹಾಕಿದ್ದಾರೆ.”

“ಕಾಮ ಬಿಟ್ಟವನಿಗೆ ಮೋಕ್ಷ ಅಂತಾರಪ್ಪ” ಎಂದರು ರಾಜಮಾತೆ ಮಗನತ್ತ ತಿರುಗಿ. “ನೀನು ಬಿಟ್ಟ ಕಾಮಾದಿಂದ ಇವಳ ಪರೀಕ್ಷೆ ಹೋಗುತ್ತೇನೋ?”

“ಹೋಗಲ್ಲ” ಎಂದರು ದೊರೆಗಳು. “ನಾನೇ ಹೋಗಿ ಆ ಮೇಡಂ ಹತ್ರ ಮಾತಾಡ್ತೀನಿ. ಇಪ್ಪತ್ತೇಳು ವರ್ಷದಲ್ಲಿ ಏಳು ಎಂಜಿನಿಯರ್‌ಗಳು ನನ್ನ ಕರಡಿಗೆ ಸಹಿ ಹಾಕಿದ್ದಾರೆ, ಒಬ್ಬರೂ ತಕರಾರು ಎತ್ತಿಲ್ಲ.”

“ಓದಿದ್ದರೆ ತಾನೇ ಎತ್ತೋದು” ಎಂದು ಟೀಚರಮ್ಮ ಎದ್ದು ಹೋದರು.

ಮರುದಿನ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದೊರೆಗಳು ಹಸಿರು ಸುತ್ತುಗಳ ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ವಿಶ್ವವಿದ್ಯಾಲಯಕ್ಕೆ ದಂಡೆತ್ತಿ ಹೋದರು. ಇವತ್ತೇ ಹೊರಟೆನೆಂದು ಹೆಂಡತಿಗೆ ಹೇಳಿರಲಿಲ್ಲ. ಗೈಡ್ ಮೇಡಂ ಅವರ ಕೋಣೆ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುತ್ತ ಅವರು ಮನಸ್ಸಿನಲ್ಲೇ ವಾದವನ್ನು ಹೊಂದಿಸಿಕೊಂಡಿದ್ದರು. ಆದರೆ ಬಾಗಿಲು ತಟ್ಟುವ ಹೊತ್ತಿಗೆ ಅದರಲ್ಲಿ ಅರ್ಧ ಎರಡನೇ ಮಹಡಿಯಲ್ಲೇ ಉಳಿದಿತ್ತು.

ಗೈಡ್ ಮೇಡಂ ಗಿಡ್ಡಗೆ, ತೆಳ್ಳಗೆ ಇದ್ದರು. ವಯಸ್ಸಿನಲ್ಲಿ ಟೀಚರಮ್ಮನಿಗಿಂತ ಹತ್ತು ವರ್ಷ ಚಿಕ್ಕವರು. ಮೇಜಿನ ಮೇಲೆ ಗಾಜಿನ ಪೆಟ್ಟಿಗೆಗಳಲ್ಲಿ ಜೀರುಂಡೆಗಳು, ನಡುವೆ ಹಸಿರು ಶಾಯಿಯ ಪೆನ್ನು. ಬಂದವರು ಯಾರೆಂದು ತಿಳಿದ ಮೇಲೆ ಕುರ್ಚಿ ತೋರಿಸಿದರು.

“ಓ, ಕಾಮಾ ತೆಗೆದವರು ನೀವೇನಾ? ನಾನು ಕಂಪ್ಯೂಟರ್‌ಗೆ ಏನೋ ರೋಗ ಬಂದಿದೆ ಅಂದ್ಕೊಂಡಿದ್ದೆ.”

“ರೋಗ ಅಲ್ಲ ಮೇಡಂ, ಚಿಕಿತ್ಸೆ” ಎಂದರು ದೊರೆಗಳು. “ಈ ಕಾಮಾಗಳಿಂದ ವಾಕ್ಯದ ಗಾಂಭೀರ್ಯ ಕೆಡುತ್ತೆ. ನನ್ನ ಸರ್ವೀಸಿನಲ್ಲಿ ಒಂದು ದಿನವೂ ನಾನು ಇದಕ್ಕೆ ತಲೆಬಾಗಿಲ್ಲ. ಅರ್ಥಕ್ಕೆ ಏನಾದರೂ ಧಕ್ಕೆ ಆಗಿದ್ರೆ ತೋರಿಸಿ, ಈಗಲೇ ಒಪ್ಕೋತೀನಿ.”

ಮೇಡಂ ತೋರಿಸಿಯೇಬಿಟ್ಟರು. ನೂರ ಎರಡನೇ ಪುಟ ತೆರೆದು ಒಂದು ವಾಕ್ಯದ ಮೇಲೆ ಬೆರಳಿಟ್ಟರು.

“ಇದು ನಿಮ್ಮ ಶ್ರೀಮತಿಯವರು ಮೊದಲು ಬರೆದಿದ್ದು, ನನಗೆ ನೆನಪಿದೆ. ಹೌಎವರ್, ಕಾಮಾ, ಇರುವೆಗಳು ಸಕ್ಕರೆಯನ್ನು ಹೊತ್ತವು. ಅಂದ್ರೆ, ಹಿಂದೆ ಬ್ರೆಡ್ಡು ಮುಟ್ಟಲಿಲ್ಲ ಅಂತ ಹೇಳಿದ್ದಾರೆ, ಆದರೆ ಸಕ್ಕರೆ ಹೊತ್ತವು ಅಂತ. ಈಗ ನೀವು ಕಾಮಾ ತೆಗೆದಿರಿ. ಹೌಎವರ್ ಇರುವೆಗಳು ಸಕ್ಕರೆಯನ್ನು ಹೊತ್ತವು. ಇಲ್ಲಿ ಓದೋರು ಏನಂದ್ಕೋತಾರೆ? ಇರುವೆಗಳು ಸಕ್ಕರೆಯನ್ನು ಹೇಗೇ ಹೊತ್ತರೂ, ಅಂತ. ಹೇಗೇ ಹೊತ್ತರೂ ಏನಾಯ್ತು ಅಂತ ಮುಂದಕ್ಕೆ ಹುಡುಕ್ತಾರೆ. ವಾಕ್ಯ ಅಲ್ಲಿಗೇ ಮುಗಿದಿರುತ್ತೆ. ಆ ಪದಕ್ಕೆ ಆದರೆ ಅನ್ನೋ ಅರ್ಥವೂ ಇದೆ, ಹೇಗೇ ಆದರೂ, ಎಷ್ಟೇ ಆದರೂ ಅನ್ನೋ ಅರ್ಥವೂ ಇದೆ. ಮೊದಲನೇದಕ್ಕೆ ಕಾಮಾ ಬೇಕು, ಎರಡನೇದಕ್ಕೆ ಬೇಡ. ಇವೆರಡೂ ನೋಡೋದಕ್ಕೆ ಅವಳಿ ಮಕ್ಕಳಿದ್ದ ಹಾಗೆ. ಗುರುತಿಗೆ ಇರೋದು ಇದೊಂದು ಮಚ್ಚೆ.”

ದೊರೆಗಳು ವಾಕ್ಯವನ್ನು ನೋಡಿದರು. ಕನ್ನಡಕ ತೆಗೆದು ನೋಡಿದರು. ಒರೆಸಿ ಹಾಕಿಕೊಂಡು ನೋಡಿದರು. ಇರುವೆಗಳು ಸಕ್ಕರೆ ಹೊತ್ತು ಅಲ್ಲೇ ನಡುನೀರಿನಲ್ಲಿ ನಿಂತಿದ್ದವು.

“ಅದು ಇರುವೆಗಳ ವಿಷಯವಾಯ್ತು” ಎಂದರು ಕೊನೆಗೆ. “ನೀರಿನ ಪೈಪಿನ ವಿಷಯದಲ್ಲಿ ಹೀಗಾಗಲ್ಲ.”

“ಆಗದಿರಲಿ ಸರ್. ಮೂವತ್ತರೊಳಗೆ ಕಾಮಾಗಳು ಅವುಗಳ ಜಾಗಕ್ಕೆ ಬರಬೇಕು. ಇಲ್ಲದಿದ್ರೆ ನಾನು ಸಹಿ ಹಾಕೋದಿಲ್ಲ. ನಾನು ಓದಿ ಸಹಿ ಹಾಕೋಳು.”

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ದೊರೆಗಳಂಥವರಿಗಾಗಿಯೇ ಹುಟ್ಟಿದ್ದು. ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಅವರ ಸೋಲು ಉಪಕಾರವಾಗಿ ರೂಪಾಂತರಗೊಂಡಿತ್ತು. ಕಾಮಾ ಬೇಕು ತಾನೆ, ಕೊಡೋಣ. ಬೇಡುವವರಿಗೆ ಕೊಡುವುದು ದೊರೆಯ ಧರ್ಮ. ಆದರೆ ಇನ್ನೂರ ಹದಿನಾಲ್ಕು ಕಡೆ ಒಂದೊಂದಾಗಿ ಬೆರಳಿನಿಂದ ಒತ್ತಿ ಹಾಕಲು ತಾವೇನು ಟೈಪಿಸ್ಟ್ ಅಲ್ಲ. ಹೋದ ವರ್ಷ ಹಳೆಯ ಎಂಜಿನಿಯರ್ ವರ್ಗವಾಗಿ ಹೊಸಬರು ಬಂದಾಗ, ಎಲ್ಲ ಕಡತಗಳಲ್ಲಿ ಹಳೆಯ ಹೆಸರು ತೆಗೆದು ಹೊಸ ಹೆಸರು ಕೂರಿಸುವ ಉಪಾಯವನ್ನು ಕಚೇರಿಯ ಕಂಪ್ಯೂಟರ್ ಆಪರೇಟರ್ ತೋರಿಸಿಕೊಟ್ಟಿದ್ದಳು. ಇಂಥದ್ದನ್ನು ಹುಡುಕು, ಅದರ ಬದಲು ಇಂಥದ್ದನ್ನು ಇಡು ಎಂದು ಹೇಳಿ ಒಂದು ಗುಂಡಿ ಒತ್ತಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ರಾಜ್ಯ ಬದಲಾಗುತ್ತಿತ್ತು.

“ಕಾಮಾ ನಾನೇ ಹಾಕ್ತೀನಿ” ಎಂದು ಅವರು ಘೋಷಿಸಿದರು.

“ಬೇಡ” ಎಂದರು ಟೀಚರಮ್ಮ. “ಶನಿವಾರ ಪರೀಕ್ಷೆ ಮುಗಿಯುತ್ತೆ. ನಾನೇ ಕೂತು ಹಾಕ್ಕೋತೀನಿ. ನೀವು ಅದನ್ನ ಮುಟ್ಟಬೇಡಿ.”

ಮುಟ್ಟಬೇಡ ಎನ್ನಿಸಿಕೊಂಡ ಮೇಲೆ ಮುಟ್ಟದೆ ಇದ್ದರೆ ಸ್ವಾಭಿಮಾನ ಎನ್ನುವ ಪದಕ್ಕೆ ಏನು ಅರ್ಥ? ಶುಕ್ರವಾರ ಮಧ್ಯಾಹ್ನ ಹೆಂಡತಿ ಶಾಲೆಯಲ್ಲಿರುವಾಗ ದೊರೆಗಳು ಕಚೇರಿಯಿಂದ ಬೇಗ ಬಂದು ಲ್ಯಾಪ್‌ಟಾಪ್ ತೆರೆದರು. ಹೌಎವರ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹೌಎವರ್ ಕಾಮಾ ಆಗಲಿ ಎಂದು ಅಪ್ಪಣೆ ಕೊಟ್ಟು ಗುಂಡಿ ಒತ್ತಿದರು. ಆಯಿತು. ದೇರ್‌ಫೋರ್, ಆಯಿತು. ಮೇಡಂ ಗುರುತು ಹಾಕಿದ್ದ ಎಂಟೂ ಪದಗಳು ಹತ್ತು ನಿಮಿಷದಲ್ಲಿ ಮುಗಿದವು.

ಅಲ್ಲಿಗೆ ನಿಲ್ಲಿಸಿದ್ದರೆ ಅನರ್ಥ ಸಣ್ಣದರಲ್ಲಿ ಮುಗಿಯುತ್ತಿತ್ತು. ಆದರೆ ಕೊಡುಗೈ ದೊರೆಗೆ ಹತ್ತು ನಿಮಿಷದ ದಾನ ಸಾಲಲಿಲ್ಲ. ಮೇಡಂ ಮರೆತಿರಬಹುದಾದ ಪದಗಳನ್ನೂ ಸೇರಿಸಿ ಅವರ ಬಾಯಿ ಮುಚ್ಚಿಸಬೇಕು ಎನಿಸಿತು. ಬಟ್ ಎಂದರೂ ಆದರೆ ತಾನೆ? ಬಟ್‌ಗೂ ಒಂದು ಕಾಮಾ ಇರಲಿ. ಸೋ ಎಂದರೂ ಆದ್ದರಿಂದ ತಾನೆ? ಅದಕ್ಕೂ ಇರಲಿ. ಎರಡಕ್ಕೂ ಗುಂಡಿ ಒತ್ತಿದರು. ಒಟ್ಟು ಆರು ಸಾವಿರದ ಮುನ್ನೂರ ಹನ್ನೆರಡು ಬದಲಾವಣೆಗಳು ಆದವೆಂದು ಲೆಕ್ಕ ಸಿಕ್ಕಿತು.

ಬೇರೆ ಯಾರಾದರೂ ಆಗಿದ್ದರೆ ಆ ಸಂಖ್ಯೆ ನೋಡಿ ಎದೆ ಝಲ್ಲೆನ್ನುತ್ತಿತ್ತು. ದೊರೆಗಳಿಗೆ ಎದೆ ಉಬ್ಬಿತು. ಕೇಳಿದ್ದು ಇನ್ನೂರ ಹದಿನಾಲ್ಕು, ಕೊಟ್ಟದ್ದು ಆರು ಸಾವಿರ. ತೆರೆದು ನೋಡುವ ಗೋಜಿಗೆ ಹೋಗದೆ ಕಡತವನ್ನು ಅದೇ ಹೆಸರಿನಲ್ಲಿ ಉಳಿಸಿದರು. ಹೆಂಡತಿಯ ಮೇಲ್‌ನಿಂದಲೇ ಗೈಡ್ ಮೇಡಂಗೆ ಕಳಿಸಿದರು. ಜೊತೆಗೆ ಒಂದು ಸಾಲು. ‘ತಾವು ಬಯಸಿದ್ದಕ್ಕಿಂತ ಹೆಚ್ಚೇ ಇದೆ ದಯವಿಟ್ಟು ಸ್ವೀಕರಿಸುವುದು.’ (ಆ ಸಾಲಿನಲ್ಲಿ ಕಾಮಾ ಇರಲಿಲ್ಲ. ತತ್ವ ತತ್ವವೇ.)

ಸಂಜೆ ಟೀಚರಮ್ಮ ಮನೆಗೆ ಬರುವಾಗಲೇ ಅವರ ಫೋನಿಗೆ ಉತ್ತರ ಬಂದಿತ್ತು. ಚಪ್ಪಲಿ ಬಿಡದೆ ಹಜಾರದ ಮಧ್ಯೆ ನಿಂತು ಗಂಡನಿಗೆ ಓದಿ ಹೇಳಿದರು.

“ನಿಮ್ಮ ಪ್ರಬಂಧಕ್ಕೆ ಮೈತುಂಬ ಸಿಡುಬು ಎದ್ದಿದೆ. ಮನೆಯಲ್ಲಿ ಯಾರಾದರೂ ಅದನ್ನು ಮುಟ್ಟಿದರೇ?”

ಕೋಣೆಗೆ ಹೋಗಿ ಲ್ಯಾಪ್‌ಟಾಪ್ ತೆರೆದು ನೋಡಿದಾಗ ರೋಗದ ವ್ಯಾಪ್ತಿ ತಿಳಿಯಿತು. ಸೋ ಎಂಬುದಕ್ಕೆ ಇಂಗ್ಲಿಷಿನಲ್ಲಿ ಇರುವುದು ಎಸ್, ಓ ಎಂಬ ಎರಡೇ ಅಕ್ಷರ. ಮಣ್ಣು ಎಂಬರ್ಥದ ಸಾಯಿಲ್ ಎಂಬ ಪದವೂ ಅದೇ ಎರಡಕ್ಷರದಿಂದ ಶುರುವಾಗುತ್ತದೆ. ಇರುವೆ ಗೂಡಿನ ಪ್ರಬಂಧದಲ್ಲಿ ಮಣ್ಣಿಗೆ ಬರಗಾಲವೇ? ಸಾವಿರಾರು ಕಡೆ ಮಣ್ಣಿನ ಮಧ್ಯೆ ಕಾಮಾ ಹೊಕ್ಕಿತ್ತು. ಸೀಸನ್ನಿನ ಹೊಟ್ಟೆಯಲ್ಲಿ ಕಾಮಾ. ರೀಸನ್ನಿನ ಹೊಟ್ಟೆಯಲ್ಲಿ ಕಾಮಾ. ಬಟರ್‌ಫ್ಲೈ ಎಂಬ ಚಿಟ್ಟೆ ಬಟ್ ಕಾಮಾ ಟರ್‌ಫ್ಲೈ ಎಂದು ಎರಡು ತುಂಡಾಗಿ ಬಿದ್ದಿತ್ತು. ಇನ್ನು ಪ್ರಬಂಧದ ಮೊಟ್ಟಮೊದಲ ವಾಕ್ಯ. ‘ಇರುವೆ ಎಷ್ಟೇ ಚಿಕ್ಕದಾಗಿದ್ದರೂ ಬರಿಗೈಯಲ್ಲಿ ಮನೆಗೆ ಹೋಗುವುದಿಲ್ಲ’ ಎಂದು ಟೀಚರಮ್ಮ ಇಷ್ಟಪಟ್ಟು ಬರೆದಿದ್ದರು. ಅಲ್ಲಿ ‘ಎಷ್ಟೇ’ ಎನ್ನಲು ಬಳಸಿದ್ದೂ ಅದೇ ಹೌಎವರ್, ಕಾಮಾ ಬೇಡದ ಅವಳಿ. ಈಗ ಅದಕ್ಕೂ ಬಾಲ ಹುಟ್ಟಿ, ‘ಆದರೆ, ಚಿಕ್ಕ ಇರುವೆ ಇರಬಹುದು’ ಎಂದು ಯಾರೋ ನಿದ್ದೆಯಲ್ಲಿ ಗೊಣಗಿದ ಹಾಗೆ ಆರು ವರ್ಷದ ದುಡಿಮೆ ಬಾಯಿ ತೆರೆಯುತ್ತಿತ್ತು.

ಟೀಚರಮ್ಮ ಹತ್ತು ಪುಟ ನೋಡಿದರು. ಆಮೇಲೆ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು. ಆ ಮೆಲ್ಲಗೆ ಮುಚ್ಚಿದ್ದನ್ನು ಕಂಡು ದೊರೆಗಳಿಗೆ ಮೊದಲ ಬಾರಿಗೆ ಸ್ವಲ್ಪ ಅಳುಕಾಯಿತು.

“ಯಂತ್ರದ ತಪ್ಪು ಕಣೇ” ಎಂದರು. “ನಾನು ಹೇಳಿದ್ದು ಪದಕ್ಕೆ ಹಾಕು ಅಂತ. ಅದು ಸಿಕ್ಕಸಿಕ್ಕಲ್ಲೆಲ್ಲ ಹಾಕಿದೆ.”

“ನೀವು ಸಿಕ್ಕಸಿಕ್ಕಲ್ಲೆಲ್ಲ ತೆಗೆದಿರಿ, ಅದು ಸಿಕ್ಕಸಿಕ್ಕಲ್ಲೆಲ್ಲ ಹಾಕಿತು. ಅದಕ್ಕಾದರೂ ಯಾರೂ ಓದು ಕಲಿಸಿಲ್ಲ.” ಆಮೇಲೆ ಧ್ವನಿ ಸ್ವಲ್ಪವೂ ಏರಿಸದೆ ಹೇಳಿದರು, “ನೋಡಿ. ಇವತ್ತು ಹತ್ತೊಂಬತ್ತು. ಹನ್ನೊಂದು ದಿನ ಇದೆ. ಬರೆದವಳು ನಾನು, ಬರೆಯೋಳು ನಾನು. ಮೂವತ್ತರವರೆಗೂ ಈ ಕೋಣೆಯ ಹೊಸಿಲು ನೀವು ದಾಟಬಾರದು. ಕಾಫಿ ನೀವೇ ಮಾಡ್ಕೊಳ್ಳಿ, ಊಟ ನೀವೇ ಮಾಡಿ ನಮಗೂ ಬಡಿಸಿ. ಇರುವೆಗಳಿಗೆ ಮೂರು ಹೊತ್ತು ಸಕ್ಕರೆ ನೀರು ಬದಲಾಯಿಸಿ. ಅದರಲ್ಲಿ ಮಾತ್ರ ಏನೂ ಸುಧಾರಣೆ ಮಾಡೋಕೆ ಹೋಗಬೇಡಿ.”

“ನಾನು ಹೆಡ್ ಕ್ಲರ್ಕ್” ಎಂದು ದೊರೆಗಳು ನೆನಪಿಸಿದರು.

“ಇರುವೆಗಳಿಗೆ ಹೇಳಿ” ಎಂದು ಬಾಗಿಲು ಹಾಕಿಕೊಂಡರು.

ಹಳೆಯ ಒಂದು ಕರಡು ಟೀಚರಮ್ಮನ ಬಳಿ ಉಳಿದಿತ್ತು. ಕಾಮಾಗಳು ಅದರಲ್ಲಿ ಇದ್ದವು, ಆದರೆ ಕೊನೆಯ ಎರಡು ಅಧ್ಯಾಯಗಳು ಇರಲಿಲ್ಲ. ಅವನ್ನು ಮೇಡಂ ಹಸಿರು ಸುತ್ತು ಹಾಕಿದ್ದ ಪ್ರತಿಯಿಂದ ಒಂದೊಂದೇ ಸಾಲು ನೋಡಿ ಮತ್ತೆ ಬರೆಯಬೇಕಾಯಿತು. ಶಾಲೆಗೆ ಐದು ದಿನ ರಜೆ ಹಾಕಿದರು. ಐದನೆಯ ದಿನದ ಹೊತ್ತಿಗೆ ಅವರ ಕಣ್ಣು ಮಂಜಾಗಿ ಕಾಮಾ ಯಾವುದು, ಪರದೆಯ ಮೇಲಿನ ಧೂಳು ಯಾವುದು ತಿಳಿಯದಂತಾಯಿತು. ಮುದ್ರಿಸಿದ ಹಾಳೆಗಳನ್ನು ಯಾರಾದರೂ ಇನ್ನೊಂದು ಸಲ ಪರೀಕ್ಷಿಸಬೇಕಿತ್ತು.

“ನಾನು ನೋಡ್ತೀನಿ ಕೊಡಮ್ಮಾ” ಎಂದರು ರಾಜಮಾತೆ.

“ಇದು ಇಂಗ್ಲಿಷು ಅತ್ತೆ.”

“ಇರುವೆಗಳ ಭಾಷೆ ಬರ್ತಿತ್ತೇನು ನನಗೆ? ಎಣಿಸಿಕೊಡಲಿಲ್ವಾ? ಯಾವ ಯಾವ ಪದ ಅಂತ ಬರೆದುಕೊಡು. ಆ ಆಕಾರ ಕಂಡ ಕಡೆ ಹಿಂದೆ ಬಾಲದ ಚುಕ್ಕೆ ಇದೆಯಾ ಇಲ್ವಾ, ಅಷ್ಟೇ ತಾನೆ?”

ಟೀಚರಮ್ಮ ಎಂಟು ಪದಗಳನ್ನು ದಪ್ಪ ಅಕ್ಷರದಲ್ಲಿ ಒಂದು ರಟ್ಟಿನ ಮೇಲೆ ಬರೆದುಕೊಟ್ಟರು. ಹೌಎವರ್‌ನ ಇಬ್ಬರು ಅವಳಿಗಳಲ್ಲಿ ಬಾಲ ಬೇಡದವನು ಹನ್ನೊಂದು ಕಡೆ ಮಾತ್ರ ಇದ್ದ, ಆ ಜಾಗಗಳಿಗೆ ಪೆನ್ಸಿಲ್ ಗುರುತು ಹಾಕಿದರು. ರಾಜಮಾತೆ ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು, ಬಲಗೈ ಬೆರಳನ್ನು ಸಾಲಿನ ಮೇಲೆ ಓಡಿಸುತ್ತ, ಇರುವೆ ಎಣಿಸಿದ ಅದೇ ತಾಳ್ಮೆಯಿಂದ ಮೂರು ದಿನ ಕೂತರು. ದೊರೆಗಳು ಸಕ್ಕರೆ ನೀರಿನ ಬಟ್ಟಲು ಹಿಡಿದು ಓಡಾಡುವಾಗ ತಾಯಿಯ ಬೆರಳು ತಾವು ಬಹಿಷ್ಕರಿಸಿದ ಚುಕ್ಕೆಗಳ ಮೇಲೆ ಒಂದೊಂದಾಗಿ ನಿಲ್ಲುವುದನ್ನು ನೋಡಬೇಕಾಯಿತು.

“ಅಮ್ಮ, ನಿನಗೆ ಅರ್ಥವಾಗ್ತಿದೆಯಾ ಅದು?”

“ಇಲ್ಲಪ್ಪ. ಅರ್ಥವಾಗಿದ್ರೆ ನಿನ್ನ ಹಾಗೆ ತಿದ್ದೋಕೆ ಹೋಗ್ತಿದ್ದೆ.”

ಮೂರನೆಯ ದಿನ ರಾಜಮಾತೆ ನಾಲ್ಕು ಕಡೆ ಬಾಲ ತಪ್ಪಿಹೋದದ್ದನ್ನು ಹಿಡಿದುಕೊಟ್ಟರು. ಇಪ್ಪತ್ತೊಂಬತ್ತಕ್ಕೆ ಪ್ರಬಂಧ ಗೈಡ್ ಮೇಡಂ ಕೈ ಸೇರಿತು. ಅವರು ಓದಿಯೇ ಸಹಿ ಹಾಕಿದರು. ಮೂವತ್ತಕ್ಕೆ ವಿಶ್ವವಿದ್ಯಾಲಯ ಸೇರಿತು. ಏಳು ತಿಂಗಳಾದ ಮೇಲೆ ಮೌಖಿಕ ಪರೀಕ್ಷೆ ನಡೆದು ಟೀಚರಮ್ಮ ಡಾಕ್ಟರ್ ಟೀಚರಮ್ಮ ಆದರು.

ಗೆಲುವು ಬಂದಾಗ ಅದನ್ನು ಸ್ವೀಕರಿಸಲು ಮುಂದೆ ಇರಬೇಕು ಎಂಬುದು ಆಡಳಿತದ ಮೊದಲ ಪಾಠ. ದೊರೆಗಳು ಭಾನುವಾರ ಮನೆಯಲ್ಲಿ ಒಂದು ಚಹಾ ಕೂಟ ಏರ್ಪಡಿಸಿ ಕಚೇರಿಯವರನ್ನೆಲ್ಲ ಕರೆದರು. ಗೈಡ್ ಮೇಡಂ ಕೂಡ ಬಂದರು. ಹಜಾರದಲ್ಲಿ ಕುರ್ಚಿ ಸಾಲದೆ ಕಂಪ್ಯೂಟರ್ ಆಪರೇಟರ್ ಕಿಟಕಿ ಕಟ್ಟೆಯ ಮೇಲೆ, ಇರುವೆಗಳಿಗೆ ಜಾಗ ಬಿಟ್ಟು ಕೂತಳು. ನಡುವೆ ಸಣ್ಣ ಮೇಜಿನ ಮೇಲೆ ಕಪ್ಪು ರಟ್ಟಿನ, ಬಂಗಾರದ ಅಕ್ಷರದ ಪ್ರಬಂಧ.

“ಮನೆಯಲ್ಲಿ ಇಂಗ್ಲಿಷ್ ಬಲ್ಲ ಒಬ್ಬರು ಇದ್ರೆ ಎಷ್ಟು ಅನುಕೂಲ ನೋಡಿ” ಎಂದು ದೊರೆಗಳು ಬಿಸ್ಕತ್ತಿನ ತಟ್ಟೆ ಹಿಡಿದು ಮಾತು ಶುರು ಮಾಡಿದರು. “ಅಕ್ಷರ ಅಕ್ಷರವನ್ನೂ ನಾನು ತಿದ್ದಿದ್ದೀನಿ. ಕೆಲವರು ನನ್ನ ಪದ್ಧತಿ ಒಪ್ಪಲಿಲ್ಲ, ಅದು ಬೇರೆ ಮಾತು. ನಾನು ಇವತ್ತಿಗೂ ನನ್ನ ನಿಲುವು ಬಿಟ್ಟಿಲ್ಲ.”

ಗೈಡ್ ಮೇಡಂ ಚಹಾ ಕುಡಿಯುತ್ತಿದ್ದರು. ಟೀಚರಮ್ಮ ಅವರ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದರು.

“ಅದರಲ್ಲಿ ನಮ್ಮ ಹೆಸರೆಲ್ಲ ಹಾಕಿದ್ದಾಳಂತಲ್ಲ” ಎಂದರು ರಾಜಮಾತೆ. “ಎಲ್ಲರಿಗೂ ಕೇಳೋ ಹಾಗೆ ಓದೋ. ನನಗೆ ತಿಳಿಯೋ ಹಾಗೆ ಕನ್ನಡದಲ್ಲಿ ಹೇಳ್ತಾ ಹೋಗು.”

ದೊರೆಗಳು ತಟ್ಟೆ ಕೆಳಗಿಟ್ಟು, ಗಂಟಲು ಸರಿಪಡಿಸಿಕೊಂಡು, ಕೃತಜ್ಞತೆಯ ಪುಟ ತೆರೆದರು. ಆ ಪುಟವನ್ನು ಅವರು ಅದುವರೆಗೂ ಕಂಡಿರಲಿಲ್ಲ. ಕಾಮಾಗಳ ಸೀಮೆಗೆ ಮತ್ತೆ ಕಾಲಿಡುವುದಿಲ್ಲವೆಂದು ಪ್ರಬಂಧವನ್ನು ಮುಟ್ಟಿಯೇ ಇರಲಿಲ್ಲ. ಸಭೆಗೆ ತಕ್ಕ ಧ್ವನಿಯಲ್ಲಿ ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ತಿರುಗಿಸುತ್ತ ಹೋದರು.

“ನನ್ನ ಮಾರ್ಗದರ್ಶಕರು ಪ್ರತಿ ಪುಟವನ್ನೂ ಓದಿ ಸಹಿ ಹಾಕಿದರು. ಅವರಿಗೆ ನಾನು ಋಣಿ. ನನ್ನ ಅತ್ತೆಯವರು ಆರು ವರ್ಷ ಇರುವೆಗಳನ್ನು ಎಣಿಸಿದರು, ಮತ್ತು ಈ ಪ್ರಬಂಧದ ಪ್ರತಿಯೊಂದು ಕಾಮಾವನ್ನೂ ಪರೀಕ್ಷಿಸಿದರು.”

ಎಲ್ಲರೂ ಚಪ್ಪಾಳೆ ತಟ್ಟಿದರು. ರಾಜಮಾತೆ ಸೆರಗು ಸರಿಮಾಡಿಕೊಂಡರು. ದೊರೆಗಳು ಚಪ್ಪಾಳೆ ನಿಲ್ಲುವವರೆಗೆ ಕಾದರು. ಮುಂದಿನ ವಾಕ್ಯದ ಆರಂಭ ಅವರ ಕಣ್ಣಿಗೆ ಬಿದ್ದಿತ್ತು. ಧ್ವನಿಯನ್ನು ಇನ್ನೊಂದು ಮಟ್ಟ ಏರಿಸಿದರು.

“ನನ್ನ ಪತಿಯವರು ಈ ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ತಿದ್ದಿದರು.”

ಕಚೇರಿಯವರು ತಲೆದೂಗಿದರು. ದೊರೆಗಳು ಅಭಿಮಾನದಿಂದ ಎಲ್ಲರನ್ನೂ ಒಮ್ಮೆ ನೋಡಿ ಮುಂದುವರಿದರು.

“ಆದಾಗ್ಯೂ...”

ಅಲ್ಲಿ ನಿಂತರು. ಕಣ್ಣು ನಾಲಿಗೆಗಿಂತ ಮುಂದೆ ಓಡಿತ್ತು. ಆ ಹೌಎವರ್ ಆಚೆ ಐದಾರೇ ಪದಗಳಿದ್ದವು. ‘ಪ್ರಬಂಧವು ಸಕಾಲದಲ್ಲಿ ಮುಗಿಯಿತು’ ಎಂದು ಅವುಗಳ ಅರ್ಥ.

ಹಜಾರ ಕಾಯುತ್ತಿತ್ತು. ಗೈಡ್ ಮೇಡಂ ಚಹಾದ ಬಟ್ಟಲನ್ನು ಬಾಯಿಂದ ಇಳಿಸಿದ್ದರು. ಟೀಚರಮ್ಮ ಕುರ್ಚಿಯ ತೋಳಿನ ಮೇಲೆ ಇಲ್ಲದ ಧೂಳನ್ನು ಒರೆಸುತ್ತಿದ್ದರು.

“ಯಾಕಪ್ಪ ನಿಂತುಬಿಟ್ಟೆ?” ಎಂದರು ರಾಜಮಾತೆ.

ದೊರೆಗಳು ಪುಸ್ತಕದಿಂದ ತಲೆಯೆತ್ತಲಿಲ್ಲ.

“ಇಲ್ಲೊಂದು ಕಾಮಾ ಇದೆ, ಅಮ್ಮ.”